ನಮ್ಮತ್ತೆ ಮನೆ ಬದಲಾಯಿಸಿದ್ದು

ನಮ್ಮ ಸೋದರತ್ತೆಗೆ ಮಕ್ಕಳಾಗಲಿಲ್ಲ. ಮೊಮ್ಮಕ್ಕಳು ಮಾತ್ರ ಹಾಸನ ಜಿಲ್ಲೆಯ ತುಂಬ ಇದ್ದಾರೆ. ಮೊದಲನೆಯ ವಾಕ್ಯ ನಿಜವಾದರೆ ಎರಡನೆಯದು ಸುಳ್ಳಾಗಲೇಬೇಕು ಎಂಬುದು ತರ್ಕಶಾಸ್ತ್ರದ ತೀರ್ಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಿಗಾಗಿ ಆ ಶಾಸ್ತ್ರವನ್ನು ಅರೆದು ಕುಡಿದು ಹಾಸನಕ್ಕೆ ಹಿಂತಿರುಗಿ ಹೈಸ್ಕೂಲು ಮೇಷ್ಟರಾದ ನಾನು ಅತ್ತೆಯ ಬಾಗಿಲಿಗೆ ಹೋದಾಗ, ಶಾಸ್ತ್ರವನ್ನು ಜಗಲಿಯ ಮೇಲೆ ಬಿಟ್ಟೇ ಒಳಗೆ ಹೋಗಬೇಕಾಗುತ್ತಿತ್ತು. ಅದಕ್ಕೂ ಮುಂಚೆ ಕಾಲು ತೊಳೆಯಬೇಕು; ತೊಳೆದು ತುಸು ಹೊತ್ತು ಹೊರಗೆ ಕೂತು ದಾರಿಯ ದೂಳನ್ನೂ ದೃಷ್ಟಿಯನ್ನೂ ಆರಿಸಿಕೊಳ್ಳಬೇಕು; ಆಮೇಲೆ ಮೆಲ್ಲಗೆ ಮಾತಾಡುತ್ತ ಒಳಗೆ ಬರಬೇಕು. ಏಕೆಂದರೆ ಹಿಂದಿನ ಕೋಣೆಯಲ್ಲಿ ಯಾರೋ ಒಬ್ಬ ಬಾಣಂತಿ ಇದ್ದೇ ಇರುತ್ತಿದ್ದಳು.

ಯಾರವಳು? ಹೋದ ತಿಂಗಳು ಇದ್ದವಳಲ್ಲ, ಮುಂದಿನ ತಿಂಗಳು ಬರುವವಳೂ ಅಲ್ಲ. ನಮಗೆ ನೆಂಟಳೂ ಅಲ್ಲ. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗಬೇಕು, ತಾಯಿ ಬಾಣಂತನ ಮಾಡಬೇಕು ಎಂಬುದು ನಮ್ಮ ಸೀಮೆಯ ಕಟ್ಟುನಿಟ್ಟಾದ ಪದ್ಧತಿ. ತಾಯಿಯಿಲ್ಲದ ಹೆಣ್ಣು ಎಲ್ಲಿಗೆ ಹೋಗಬೇಕು? ಪದ್ಧತಿಯನ್ನು ಮಾಡಿದವರು ಈ ಪ್ರಶ್ನೆಯನ್ನು ಹಾಕಿಕೊಂಡಂತೆ ಕಾಣುವುದಿಲ್ಲ. ನಮ್ಮತ್ತೆ ಹಾಕಿಕೊಂಡಿದ್ದಳು, ಉತ್ತರವಾಗಿ ತನ್ನ ಹಿಂದಿನ ಕೋಣೆಯನ್ನೇ ಕೊಟ್ಟಿದ್ದಳು. ಹಾಸನದಲ್ಲಿ ದೊಡ್ಡಾಸ್ಪತ್ರೆ ಇತ್ತು. ಹೆರಿಗೆ ಅಲ್ಲಿ, ಬಾಣಂತನ ಅತ್ತೆಯಲ್ಲಿ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯ ಬಸ್ಸು ಕಂಡಕ್ಟರುಗಳಿಗೆ ಈ ಏರ್ಪಾಡು ಚೆನ್ನಾಗಿ ತಿಳಿದಿತ್ತು. ತುಂಬಿದ ಬಸುರಿಯೊಬ್ಬಳು ಒಬ್ಬಳೇ ಇಳಿದು ಅತ್ತಿತ್ತ ನೋಡಿದರೆ, "ತಾಯಿ ಇಲ್ವೇನವ್ವಾ? ಅಂಗಾರೆ ಆ ಕ್ವಾರ್ಟರ್ಸಿಗೆ ಓಗು, ಮೇಲ್ನ ಸಾಲು, ಹೊಗೆ ಬರೋ ಮನೆ," ಎಂದು ಕೈ ತೋರಿಸುತ್ತಿದ್ದರು.

ಹೊಗೆ ಬರುತ್ತಿದ್ದುದು ನಿಜ. ಬಚ್ಚಲ ಒಲೆ ಬೆಳಗಿನಿಂದ ಉರಿಯುತ್ತಿತ್ತು. ಅಷ್ಟು ಸೌದೆ ಸೀಳುವವರಾರು? ಮಗುವನ್ನು ನೋಡಲು ಬರುವ ಗಂಡಂದಿರು. ಸೌದೆ ಸೀಳದ ಗಂಡನಿಗೆ ಮಗುವಿನ ದರ್ಶನವಿಲ್ಲ ಎಂಬುದು ಆ ಮನೆಯ ಕಾನೂನು. ಚನ್ನರಾಯಪಟ್ಟಣದ ಕಡೆಯಿಂದ ಒಬ್ಬ ಅಳಿಯ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದಿಳಿದ ದಿನ ನಾನೂ ಅಲ್ಲಿದ್ದೆ.

"ಮಗೂನ ನೋಡ್ಬೇಕಾಗಿತ್ತು," ಎಂದ ಅವನು.

"ನೋಡೀರಂತೆ. ಅಗಾ ಅಲ್ಲಿ ಕೊಡಲಿ ಅದೆ. ಇಗಾ ಇಲ್ಲಿ ಸೌದೆ ಅದೆ."

"ನಾನು ತಾಲ್ಲೂಕು ಕಚೇರೀಲಿ ಗುಮಾಸ್ತ ಕಣ್ರೀ."

"ಓ, ಗುಮಾಸ್ತರಾ? ಅಂಗಾರೆ ಸಣ್ಸಣ್ಣಕೆ ಸೀಳಿ."

ಸೀಳಿದ. ಆಮೇಲೆ ಅವನಿಗೆ ಊಟಕ್ಕೆ ಬಾಣಂತಿಯ ಅಡುಗೆಯೇ: ಉಪ್ಪು ಮುಟ್ಟಿಸಿದಂತಿರುವ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಬಿಸಿ ಅನ್ನ. "ಆ ಉಡುಗಿ ಬರೀ ಇದನ್ನೇ ಉಣ್ತಾವ್ಳೆ. ನೀವೂ ಒಂದೊತ್ತು ಉಂಡು ನೋಡಿ," ಎಂದಳು ಅತ್ತೆ. ಮುಂದಿನ ಸಲ ಅವನು ಹಳೆಯ ಪಂಚೆಯಲ್ಲಿ ಬಂದ, ಊಟ ಮುಗಿಸಿಕೊಂಡು ಬಂದ.

ನನ್ನ ಪಾಡೇನೂ ಮೇಲಾಗಿರಲಿಲ್ಲ. ಆ ಕತ್ತಲ ಕೋಣೆಗೆ ಗಾಳಿ ಬೆಳಕು ಬರಬೇಕೆಂದು ಆರೋಗ್ಯಶಾಸ್ತ್ರದ ಆಧಾರದ ಮೇಲೆ ನಾನು ವಾದಿಸಿದೆ. ಕಿಟಕಿ ತೆರೆದೆ, ಅವಳು ಮುಚ್ಚಿದಳು. ಮತ್ತೆ ತೆರೆದೆ. ಕೊನೆಗೆ ರಾಜಿಯಾಯಿತು: ಕಿಟಕಿಯ ಅರ್ಧ ಬಾಗಿಲು ತೆರೆದಿರಬಹುದು, ಆದರೆ ಬೆಕ್ಕು ನುಗ್ಗದಂತೆ ನಾನು ಹೊರಗೆ ಕಾದು ಕೂರಬೇಕು. ಹೈಸ್ಕೂಲಿನ ಕಾಂಪೊಸಿಷನ್ ಪುಸ್ತಕಗಳನ್ನೆಲ್ಲ ಆ ಕಿಟಕಿಯ ಕೆಳಗೆ ಕುಳಿತೇ ತಿದ್ದಿದೆ. ಸುಧಾರಣೆಯನ್ನು ಜಾರಿಗೆ ತರುವುದಕ್ಕಿಂತ ಕಾಯುವುದು ಕಷ್ಟ ಎಂದು ಆಗ ತಿಳಿಯಿತು. ಬೆಕ್ಕು ಮಾತ್ರ ಅಡುಗೆಮನೆಯ ಕಡೆಯಿಂದ ಬರುತ್ತಿತ್ತು.

ಇನ್ನು ಮನೆಯ ವಿಷಯ. ಅದು ಅತ್ತೆಯ ಸ್ವಂತದ್ದಲ್ಲ. ಕೆಳದರ್ಜೆಯ ನೌಕರರಿಗೆಂದು ಕಟ್ಟಿಸಿದ ಬಾಡಿಗೆ ಮನೆಗಳು ಎರಡು ಸಾಲಾಗಿದ್ದವು. ಮೇಲಿನ ಸಾಲಿನ ಮನೆಗಳಲ್ಲಿ ನಡುಮನೆ, ಎರಡು ಕೋಣೆ, ಅಡುಗೆಮನೆ, ಬಚ್ಚಲು. ಕೆಳಗಿನ ಸಾಲಿನಲ್ಲಿ ಮನೆಯೆಂದರೆ ಒಂದೇ ಕೋಣೆ. ಅದರ ಮೂಲೆಯಲ್ಲೇ ಒಲೆ. ಮಾವ ನೀರಿನ ಪಂಪುಮನೆಯ ಕೆಲಸದಲ್ಲಿದ್ದಾಗ ಮೇಲಿನ ಸಾಲಿನಲ್ಲಿ ಮನೆ ಸಿಕ್ಕಿತ್ತು. ಅವರು ತೀರಿಕೊಂಡ ಮೇಲೆ ಅತ್ತೆಗೆ ಶಿಶುವಿಹಾರದಲ್ಲಿ ಆಯಾ ಕೆಲಸ ಕೊಟ್ಟು ಮನೆಯನ್ನೂ ಮುಂದುವರಿಸಿದ್ದರು. ಕೆಳಗಿನ ಸಾಲಿನಲ್ಲಿ ರಸ್ತೆಯ ರೋಲರ್ ಓಡಿಸುವ ಡ್ರೈವರೊಬ್ಬ ಹೆಂಡತಿ, ಆರು ಮಕ್ಕಳೊಂದಿಗೆ ಆ ಒಂದೇ ಕೋಣೆಯಲ್ಲಿ ವಾಸವಾಗಿದ್ದ.

ಒಂಟಿ ಜೀವಕ್ಕೆ ಎರಡು ಕೋಣೆ, ಎಂಟು ಜೀವಕ್ಕೆ ಒಂದು ಕೋಣೆ. ಇದನ್ನು ಕಂಡು ಸುಮ್ಮನಿರಲು ಸಾಧ್ಯವೇ? ವಸತಿ ಸಮಿತಿಗೆ ಸಾರ್ವಜನಿಕರ ಪರವಾಗಿ ನನ್ನನ್ನು ಸೇರಿಸಿಕೊಂಡಿದ್ದರು. ಕುಟುಂಬಕ್ಕೆ ತಕ್ಕ ಮನೆ ಎಂಬ ನಿಯಮ ಬರಬೇಕು, ಚಿಕ್ಕ ಕುಟುಂಬದವರು ಚಿಕ್ಕ ಮನೆಗೆ ಹೋಗಿ ದೊಡ್ಡ ಕುಟುಂಬದವರಿಗೆ ಜಾಗ ಬಿಡಬೇಕು ಎಂದು ನಾನು ಸೂಚನೆ ತಂದೆ. ಸಾಕಷ್ಟು ಉದ್ದವಾಗಿಯೇ ಮಾತಾಡಿದೆ. ಸೂಚನೆ ಅಂಗೀಕಾರವಾಯಿತು. ಆ ನಿಯಮ ನ್ಯಾಯವಾದದ್ದೆಂದೇ ನಾನು ಇಂದಿಗೂ ನಂಬುತ್ತೇನೆ. ನಮ್ಮತ್ತೆಯೂ ಅದನ್ನು ಅಲ್ಲಗಳೆದವಳಲ್ಲ. ಅವಳು ಅಲ್ಲಗಳೆದದ್ದು ನನ್ನ ಲೆಕ್ಕವನ್ನು.

ಸುದ್ದಿಯನ್ನು ನಾನೇ ಹೇಳಬೇಕೆಂದು ಅಂದು ಸಂಜೆ ಹೋದೆ. ಅತ್ತೆ ನಡುಮನೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಚರ್ಚಾಸ್ಪರ್ಧೆಗಳಲ್ಲಿ ಕಾಲ ಮೀರಿದವರಿಗೆ ಗಂಟೆ ಬಾರಿಸುತ್ತಾರೆಂದು ಹಿಂದೊಮ್ಮೆ ನಾನೇ ಅವಳಿಗೆ ಹೇಳಿದ್ದೆ. ಅಂದಿನಿಂದ ನನ್ನ ಮಾತು ಉದ್ದವಾದಾಗಲೆಲ್ಲ ಅವಳು ಹಿತ್ತಾಳೆಯ ಚೊಂಬನ್ನು ಸೌಟಿನಿಂದ ಬಾರಿಸುತ್ತಿದ್ದಳು.

"ಸಮಾಜದ ಸೊತ್ತನ್ನು ಅಗತ್ಯಕ್ಕೆ ತಕ್ಕಂತೆ ಹಂಚುವುದೇ..." ಎಂದು ಪ್ರಾರಂಭಿಸಿದೆ.

ಟಣ್ ಎಂದಿತು ಚೊಂಬು.

"ಈಗಿನ್ನೂ ಶುರು ಮಾಡಿದೆನಷ್ಟೆ, ಅತ್ತೆ."

"ಮುಗ್ಸು ಅಂತ್ಲೇ ಒಡೆದದ್ದು ಕಣ್ಲಾ. ನನ್ನ ಕೆಳಗ್ಲ ಸಾಲಿಗೆ ಆಕ್ತಾರೆ, ಅಷ್ಟೆ ತಾನೆ?"

"ಒಬ್ಬರೇ ಇರುವವರಿಗೆ ಒಂದು ಕೋಣೆ ಎಂದು ನಿಯಮ."

"ನಾನೊಬ್ಳೇ ಅಂತ ಯಾರ್ಲಾ ಎಣಿಸ್ದೋರು?"

"ಖಾಯಂ ಆಗಿ ಇರುವವರನ್ನು ಮಾತ್ರ ಎಣಿಸುವುದು."

ಅವಳು ಮೊರವನ್ನು ಕೆಳಗಿಟ್ಟಳು. "ಬಾಣಂತಿ ಖಾಯಂ ಕಣೋ. ಎಣ್ಣು ಬದಲಾಯ್ತಾಳೆ, ಅಷ್ಟೆ. ನಿಮ್ಮ ಇಸ್ಕೂಲಲ್ಲಿ ಐಕ್ಳು ವರ್ಸಾ ವರ್ಸಾ ಬದಲಾಯ್ತವಲ್ಲ, ಅಂತ ಇಸ್ಕೂಲ್ಗೆ ಬೀಗ ಆಕ್ಬುಟ್ರಾ?"

ಸ್ಪರ್ಧೆಗಳಲ್ಲಿ ಇಂಥ ವಾದಕ್ಕೆ ಸಾದೃಶ್ಯದೋಷ ಎಂದು ಹೆಸರಿಟ್ಟು ತಳ್ಳಿಹಾಕುತ್ತಿದ್ದೆವು. ಅಂದು ಹೆಸರು ನೆನಪಿಗೆ ಬಂತು, ತಳ್ಳಲು ಆಗಲಿಲ್ಲ.

ನಿಯಮದ ಪ್ರಕಾರ ಮನೆಗಳ ತಪಾಸಣೆಗೆ ವಸತಿ ಇನ್ಸ್‌ಪೆಕ್ಟರು ಬಂದರು. ಬೂಟು ಹಾಕಿ ಬಂದಿದ್ದ ಅವರನ್ನು ಅತ್ತೆ ಬಿಚ್ಚಿಸಿ, ಕಾಲು ತೊಳೆಸಿ, ಜಗಲಿಯ ಮೇಲೆ ಕೂರಿಸಿದಳು. ಸರ್ಕಾರದ ಪ್ರತಿನಿಧಿ ಒದ್ದೆ ಪಾದಗಳನ್ನು ಮುಂದೆ ಚಾಚಿಕೊಂಡು ಆರುವುದನ್ನೇ ಕಾಯುತ್ತ ಕೂತಿದ್ದ ದೃಶ್ಯವನ್ನು ಮೇಲಿನ ಸಾಲಿನವರು ತುಂಬ ಕಾಲ ನೆನೆಯುತ್ತಿದ್ದರು.

"ಮನೇಲಿ ಎಷ್ಟು ಜನ?" ಎಂದು ಕೇಳಿದರು ಇನ್ಸ್‌ಪೆಕ್ಟರು.

"ಈಗ್ಲೋ, ನಾಳಿಕ್ಕೋ?"

"ಅದ್ಯಾಕೆ ಹಾಗೆ?"

"ಒಳಗೆ ಒಂದು ಉಡುಗಿ ಅವ್ಳೆ, ಮಲ್ಲಿಪಟ್ಟಣದವಳು. ಇವತ್ತಿಗೆ ಒಂದ್ ಜೀವ, ನಾಳಿಕ್ಕೆ ಎರಡಾಗ್ಬೋದು. ನಿಮ್ಗೆ ಯಾವ್ದು ಬೇಕೋ ಬರ್ಕಳಿ ಸಾ."

ಆ ಹುಡುಗಿಗೆ ತಾಯಿ ಸತ್ತು ಬಹಳ ವರ್ಷಗಳಾಗಿದ್ದವು. ಮಲತಾಯಿ ಬಾಣಂತನಕ್ಕೆ ಒಪ್ಪಿರಲಿಲ್ಲ. ಗಂಡನ ಮನೆ ನುಗ್ಗೇಹಳ್ಳಿಯ ಹತ್ತಿರ. ಅಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದಿದ್ದಳು. ಇಷ್ಟನ್ನು ಕೇಳಿದ ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟರು. ಆದರೂ ಪ್ರಾಮಾಣಿಕರು. ಒಬ್ಬಳೇ ಇದ್ದಾಳೆ, ಚಿಕ್ಕ ಮನೆಗೆ ಹೋಗತಕ್ಕದ್ದು ಎಂದೇ ಬರೆದರು. ಬರೆದು ಬೂಟು ಹಾಕಿಕೊಳ್ಳುತ್ತ, ದನಿ ತಗ್ಗಿಸಿ, "ಅಮ್ಮಾ, ನಮ್ಮ ಸೊಸೆಗೂ ತಾಯಿ ಇಲ್ಲ. ನಮ್ಮ ಮನೆಯವರಿಗೆ ಮಂಡಿನೋವು. ಗೌರಿಹಬ್ಬ ಕಳೆದ ಮೇಲೆ ದಿನ ತುಂಬುತ್ತೆ..." ಎಂದರು.

"ಕಳ್ಸಿ," ಎಂದಳು ಅತ್ತೆ. "ಮಗನ ಕೈಲಿ ಸೌದೆ ಸೀಳೋಕೆ ಬರುತ್ತಾ?"

ಒಂದೇ ಭೇಟಿಯಲ್ಲಿ ಒಂದೇ ಕೋಣೆಯನ್ನು ಖಾಲಿ ಮಾಡಿಸಿ, ಅದನ್ನೇ ಮುಂಗಡವಾಗಿ ಗೊತ್ತುಮಾಡಿಕೊಂಡು ಹೋದ ಅಧಿಕಾರಿ ಬೇರೊಬ್ಬರಿದ್ದರೆ ನನಗೆ ತಿಳಿಸಬೇಕು.

ಆಜ್ಞೆ ಬಂತು. ಮುಂದಿನ ತಿಂಗಳ ಮೊದಲ ಭಾನುವಾರ ಅತ್ತೆ ಕೆಳಗಿನ ಸಾಲಿಗೆ, ಡ್ರೈವರನ ಸಂಸಾರ ಮೇಲಿನ ಸಾಲಿಗೆ. ಅತ್ತೆ ಜಗಳ ತೆಗೆಯುತ್ತಾಳೆ, ಸಮಿತಿಯ ಮುಂದೆ ಬಂದು ಚೊಂಬು ಬಾರಿಸುತ್ತಾಳೆ ಎಂದು ನಾನು ಉತ್ತರಗಳನ್ನು ಸಿದ್ಧಪಡಿಸಿಕೊಂಡೆ. ಅವಳು ಬರಲಿಲ್ಲ. ಬದಲಿಗೆ ಒಂದು ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ಕೆಳಗಿನ ಸಾಲಿಗೆ ಹೋದಳು. ಡ್ರೈವರನ ಮನೆಯಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಸುತ್ತ ನೋಡಿ ಬಂದಳು.

"ಬೆಂಕಿಪೊಟ್ಣದೊಳಗೆ ಕಡ್ಡಿ ಜೋಡಿಸ್ದಂಗೆ ಮಲಗ್ತವಂತೆ ಕಣ್ಲಾ ಐಕ್ಳು," ಎಂದಳು. "ಒಂದು ಮಗ್ಗುಲು ಬದಲಾಯಿಸಿದ್ರೆ ಎಲ್ಲಾವೂ ಬದಲಾಯಿಸ್ಬೇಕು. ಅವ್ರಪ್ಪ ಆ ರೋಲರ್ ಮೇಲೇ ಮಲಗ್ತಾನಂತೆ. ನಿಂದು ನ್ಯಾಯವೇ."

ನನ್ನ ಜೀವನದಲ್ಲಿ ಎದುರುಪಕ್ಷ ಹೀಗೆ ಒಪ್ಪಿಕೊಂಡದ್ದು ಅದೊಂದೇ ಸಲ. ಸಂತೋಷಪಡುವುದು ಹೇಗೆಂದು ತಿಳಿಯಲಿಲ್ಲ.

"ಹಾಗಾದರೆ ಮುಂದೆ ಆ ಹೆಣ್ಣುಮಕ್ಕಳು?" ಎಂದೆ.

"ಅದೇ ಕಣೋ," ಎಂದಳು. ಒಲೆಯ ಮುಂದೆ ಬಾಣಂತಿಯನ್ನು ಮಲಗಿಸಲಾಗುವುದಿಲ್ಲ. ಒಂದೇ ಕೋಣೆಯಲ್ಲಿ ಹಿಂದಿನ ಕೋಣೆ ಎಂಬುದಿರುವುದಿಲ್ಲ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮಲ್ಲಿಪಟ್ಟಣದ ಹುಡುಗಿ ಸರ್ಕಾರದ ದಿನಾಂಕವನ್ನು ಲೆಕ್ಕಿಸದೆ ಮನೆ ಬದಲಾಯಿಸುವ ವಾರದಲ್ಲೇ ಹೆತ್ತಳು. ಹೆಣ್ಣು ಮಗು. ಆಸ್ಪತ್ರೆಯಿಂದ ಬಂದು ಹಿಂದಿನ ಕೋಣೆಯಲ್ಲಿ ಮಲಗಿದಳು. ಇನ್ನು ಬಾಣಂತನ ಮುಗಿಯುವವರೆಗೆ ಅವಳು ಹೊಸ್ತಿಲು ದಾಟುವಂತಿಲ್ಲ, ಗಾಳಿಗೊಡ್ಡುವಂತಿಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಕರೆದೊಯ್ಯುವ ಮಾತಂತೂ ಇಲ್ಲವೇ ಇಲ್ಲ. ನಾನು ಸಮಿತಿಯಿಂದ ಎರಡು ತಿಂಗಳ ಗಡುವು ತರಲು ಹೊರಟೆ. ಅತ್ತೆ ತಡೆದಳು.

"ಯಾಕ್ಲಾ? ಆ ಐಕ್ಳು ಇನ್ನೂ ಎರಡು ತಿಂಗ್ಳು ಕಡ್ಡಿ ತರ ಮಲಗ್ಬೇಕಾ?"

"ಮತ್ತೆ ಈ ಹುಡುಗಿ?"

"ಮನೆ ಬಿಡು ಅಂದಿರೋದು ನಂಗೆ. ಅವಳ್ಗೆ ಅಲ್ವಲ್ಲ."

ಭಾನುವಾರ ಡ್ರೈವರನ ಸಂಸಾರ ಪಾತ್ರೆ ಪಡಗ ಹೊತ್ತು ಮೇಲಿನ ಸಾಲಿಗೆ ಬಂತು. ಡ್ರೈವರು ಆಜಾನುಬಾಹು, ಗಿರಿಜಾ ಮೀಸೆ. ಅವನ ಹೆಂಡತಿ ಹೊಳೆನರಸೀಪುರದ ಕಡೆಯ ಹೆಂಗಸು. ಗಂಡನ ಅರ್ಧದಷ್ಟಿದ್ದಳು, ಅವನ ಎರಡರಷ್ಟು ಮಾತಾಡುತ್ತಿದ್ದಳು. ಅತ್ತೆ ಬಾಗಿಲಲ್ಲೇ ನಿಂತು ಆರೂ ಮಕ್ಕಳ, ಅವರಪ್ಪನ ಕಾಲು ತೊಳೆಸಿ ಜಗಲಿಯ ಮೇಲೆ ಸಾಲಾಗಿ ಕೂರಿಸಿದಳು. ತನಗೆ ಮಂಜೂರಾದ ಮನೆಯ ಹೊರಗೆ ಒದ್ದೆ ಕಾಲಿನಲ್ಲಿ ಕೂತ ಡ್ರೈವರು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಅತ್ತೆ ಡ್ರೈವರನ ಹೆಂಡತಿಯನ್ನು ಒಳಗೆ ಕರೆದೊಯ್ದು ಮನೆಯನ್ನು ಒಪ್ಪಿಸತೊಡಗಿದಳು. "ಇದು ಒರಳು, ನೆಲಕ್ಕೆ ಊತಿರೋದು, ಕೀಳಕ್ಕಾಗಕಿಲ್ಲ. ಇದು ಹಂಡೆ, ಗಾರೆ ಆಕಿ ಕೂರ್ಸಿರೋದು, ಇಲ್ಲೇ ಇರ್ತದೆ. ಇದು ಬಾಣಂತಿ..."

"ಇದೇನಕ್ಕಾ? ಮನೆ ಜತೆ ಬಾಣಂತೀನೂ ಕೊಡ್ತೀರಾ?"

"ಅವಳ್ನೂ ಅಲ್ಲಾಡ್ಸಕ್ಕಾಗಕಿಲ್ಲ ಕಣವ್ವಾ. ಹಸಿ ಮೈ."

ಡ್ರೈವರನ ಹೆಂಡತಿ ಕೋಣೆಯೊಳಗೆ ಬಗ್ಗಿ ನೋಡಿದಳು. ಹುಡುಗಿ ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಎದ್ದು ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು ಹೆದರಿದ್ದಳು. ಮಗುವನ್ನು ಎರಡು ಕೈಯಲ್ಲೂ ಬಾಚಿ ಹಿಡಿದುಕೊಂಡಿದ್ದಳು, ಅದನ್ನೂ ಯಾರಿಗೋ ಮಂಜೂರು ಮಾಡಿಬಿಟ್ಟಾರೆಂಬಂತೆ. ನಾನು ನಡುಮನೆಯಲ್ಲಿ ನಿಂತು ನೋಡುತ್ತಿದ್ದೆ. ಕಾನೂನಿನ ಪ್ರಕಾರ ಆ ಕೋಣೆ ಆ ಕ್ಷಣದಿಂದ ಡ್ರೈವರನ ಸಂಸಾರದ್ದು. ಬೇಡವೆಂದರೆ ಯಾರೂ ಏನೂ ಹೇಳುವಂತಿರಲಿಲ್ಲ. ಆ ಹೆಂಗಸು ಅಷ್ಟು ವರ್ಷ ಕಾದದ್ದು ಆ ಕೋಣೆಗಾಗಿಯೇ.

"ತಲೆಬಟ್ಟೆ ಎಂಗೆ ಕಟ್ಟವ್ರೆ ನೋಡು," ಎಂದಳು ಆಕೆ. "ಸಡ್ಲ ಆಗದೆ. ಶೀತ ಓಗ್ಬುಡ್ತದೆ ತಲೆಗೆ." ಒಳಗೆ ಹೋಗಿ ಬಿಚ್ಚಿ ಬಿಗಿಯಾಗಿ ಕಟ್ಟಿದಳು.

"ನಾನು ಕಟ್ಟಿದ್ದು ಕಣೇ ಅದು," ಎಂದಳು ಅತ್ತೆ.

"ಇರ್ಬೋದು ಬುಡಕ್ಕ. ನಾನು ಆರು ಎತ್ತಿವ್ನಿ. ನೀನೆಷ್ಟು ಎತ್ತಿದ್ದೀಯೆ?"

ನಾನು ಬೆಚ್ಚಿದೆ. ಅತ್ತೆಯ ಎದುರು ಆ ಮಾತನ್ನು ಯಾರೂ ಆಡಿರಲಿಲ್ಲ. ಅತ್ತೆ ಒಂದು ಗಳಿಗೆ ಆಕೆಯನ್ನು ನೋಡಿ ಜೋರಾಗಿ ನಕ್ಕಳು. ತನ್ನ ಟ್ರಂಕು, ಚೊಂಬು ಎತ್ತಿಕೊಂಡು ಕೆಳಗಿನ ಸಾಲಿಗೆ ನಡೆದಳು.

ಆಮೇಲಿನ ದಿನಗಳನ್ನು ಮೇಲಿನ ಸಾಲಿನವರು ನಾಟಕದಂತೆ ನೋಡಿದರು. ಬೆಳಗಾದರೆ ಅತ್ತೆ ಕೆಳಗಿನಿಂದ ಹತ್ತಿ ಬರುವಳು. ಬಾಣಂತಿಗೆ ನೀರು ಹಾಕುವುದು ಯಾರು ಎಂಬ ಬಗ್ಗೆ ಇಬ್ಬರಿಗೂ ಜಗಳ. ನೀರಿನ ಬಿಸಿ ಸಾಲದೆಂದು ಒಬ್ಬಳು, ಸುಟ್ಟುಹೋಗುತ್ತಾಳೆಂದು ಇನ್ನೊಬ್ಬಳು. ಅತ್ತೆ ಮೆಣಸು ಹಾಕಿದರೆ ಡ್ರೈವರನ ಹೆಂಡತಿ ಬೆಳ್ಳುಳ್ಳಿ ಹಾಕುವಳು. ಇಬ್ಬರ ಪಂಥದಲ್ಲಿ ಹುಡುಗಿ ದುಂಡಗಾದಳು. ನುಗ್ಗೇಹಳ್ಳಿಯ ಗಂಡ ಬಂದು ಸೌದೆಗೆ ಕೈಹಾಕಿದರೆ, ಅದು ಆಗಲೇ ಸೀಳಿ ಒಟ್ಟಿತ್ತು; ಡ್ರೈವರನಿಗೂ ಅದೇ ಕಾನೂನು ಅನ್ವಯವಾಗಿತ್ತು. ನನ್ನ ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ. ಎಂಟು ಜನಕ್ಕೆಂದು ಕೊಟ್ಟ ಎರಡು ಕೋಣೆಗಳಲ್ಲಿ ಒಂದು ಹೀಗೆ ಹೋಯಿತಲ್ಲ? ಡ್ರೈವರನನ್ನು ಕೇಳಿಯೇ ಬಿಟ್ಟೆ.

"ನಡುಮನೆ ಐತಲ್ಲ ಸಾ," ಎಂದ ಅವನು. "ನಾನು ಕಾಲು ನೀಡ್ಕಂಡು ಮಲಗ್ತಾ ಇವ್ನಿ. ಇನ್ನೇನು ಬೇಕು?"

ಬಾಣಂತನ ಮುಗಿದು ಹುಡುಗಿ ಗಂಡನ ಮನೆಗೆ ಹೊರಡುವ ದಿನ ಬಂತು. ತವರಿನಿಂದ ಹೊರಡುವ ಮಗಳಿಗೆ ಮಡಿಲು ತುಂಬುವುದು ನಮ್ಮ ವಾಡಿಕೆ: ಸೆರಗಿಗೆ ಅಕ್ಕಿ, ಅಚ್ಚುಬೆಲ್ಲ, ಕೊಬ್ಬರಿ, ವೀಳ್ಯದೆಲೆ. ಗಂಡ ಸತ್ತ ಹೆಂಗಸು ಅದನ್ನು ಮಾಡುವಂತಿಲ್ಲ. ಅದರಿಂದ ಹಿಂದೆಲ್ಲ ಅತ್ತೆ ಪಕ್ಕದ ಮನೆಯ ಮುತ್ತೈದೆಯನ್ನು ಕರೆದು ತುಂಬಿಸುತ್ತಿದ್ದಳು. ತಾನು ಆ ಹೊತ್ತಿಗೆ ಹಿತ್ತಿಲಲ್ಲಿ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದಳು. ವಿಧವೆಯರ ಸ್ಥಿತಿಗತಿಯ ಬಗ್ಗೆ ಅನೇಕ ಸಭೆಗಳಲ್ಲಿ ಮಾತಾಡಿದ್ದ ನಾನು ಆ ಹಿತ್ತಿಲ ಕಡೆಗೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಅಂದು ಡ್ರೈವರನ ಹೆಂಡತಿ ಮನೆಯೊಡತಿಯಾಗಿ ಹುಡುಗಿಯ ಮಡಿಲು ತುಂಬಿದಳು. ಹುಡುಗಿ ಕಣ್ಣೊರೆಸಿಕೊಂಡು ಮಗುವನ್ನು ಎತ್ತಿಕೊಂಡಳು. ಹೊರಗೆ ಗಂಡ ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸುತ್ತಿದ್ದ. ಅತ್ತೆ ಎಂದಿನಂತೆ ಹಿತ್ತಿಲ ಬಾಗಿಲ ಕಡೆ ಸರಿದಿದ್ದಳು.

"ಎಲ್ಲಿಗೆ ಓಯ್ತೀಯಕ್ಕ? ಬಾ ಇಲ್ಲಿ," ಎಂದಳು ಡ್ರೈವರನ ಹೆಂಡತಿ. ಮೊರದಲ್ಲಿ ಇನ್ನೂ ಅಕ್ಕಿ ಇತ್ತು. "ಸೆರಗು ಒಡ್ಡು."

"ನಂಗ್ಯಾಕೆ? ಉಚ್ಚು ಗಿಚ್ಚು ಇಡೀತೇನೆ ನಿಂಗೆ?"

"ಈ ಮನೆ ಬುಟ್ಟು ಓಗೋ ಎಣ್ಮಕ್ಕಳಿಗೆ ಮಡ್ಲು ತುಂಬಿ ಕಳಿಸ್ಬೇಕು. ನೀನೂ ಬುಟ್ಟು ಓದೋಳೇ ಅಲ್ವಾ? ಅವತ್ತು ಬರೀ ಚೊಂಬು ಇಡ್ಕಂಡು ಓದೆ. ಅವತ್ತಿಂದ ನನ್ನ ಮನ್ಸು ತಡೀತಿಲ್ಲ."

"ಮಾಡ್ಬಾರ್ದು ಕಣೇ ನಂಗೆ. ಶಾಸ್ತ್ರ ಇಲ್ಲ."

"ಶಾಸ್ತ್ರ ಗೀಸ್ತ್ರ ಆಮೇಲೆ ಈವಯ್ಯನ ಕೇಳ್ಕಳಾನ," ಎಂದು ಆಕೆ ನನ್ನ ಕಡೆ ಗಲ್ಲ ತೋರಿಸಿದಳು. "ಈಗ ಒಡ್ಡು. ಕೈ ನೋಯ್ತದೆ."

ಅತ್ತೆ ನನ್ನನ್ನು ನೋಡಿದಳು. ಅವಳು ನನ್ನ ಅಭಿಪ್ರಾಯಕ್ಕಾಗಿ ಕಾದದ್ದನ್ನು ನಾನು ಅದೇ ಮೊದಲು ಕಂಡದ್ದು. ಹೇಳಬೇಕಾದದ್ದು ನನ್ನಲ್ಲಿ ಬಹಳ ಇತ್ತು. ಒಡ್ಡು ಎಂಬಂತೆ ತಲೆಯಾಡಿಸಿದೆ, ಅಷ್ಟೆ.

ಅವಳು ಮೆಲ್ಲಗೆ ಬಂದು ಸೆರಗಿನ ತುದಿಯನ್ನು ಎರಡು ಕೈಯಲ್ಲೂ ಹಿಡಿದು ಒಡ್ಡಿದಳು. ಅಷ್ಟು ಹೆಣ್ಣುಮಕ್ಕಳನ್ನು ಕಳಿಸಿಕೊಟ್ಟವಳಿಗೆ ಹಿಡಿಯುವುದು ಹೇಗೆಂದು ಗೊತ್ತಿರಲಿಲ್ಲ. ಒಂದು ಕಡೆ ಜಾರಿ ಅಕ್ಕಿ ನೆಲಕ್ಕೆ ಸುರಿಯಿತು. ಹುಡುಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು, ಬಗ್ಗಿ, ಬಿಟ್ಟಿದ್ದ ಕೈಯಿಂದ ಸೆರಗಿನ ಆ ತುದಿಯನ್ನು ಹಿಡಿದುಕೊಂಡಳು. ಡ್ರೈವರನ ಹೆಂಡತಿ ಬೊಗಸೆ ಬೊಗಸೆಯಾಗಿ ಅಕ್ಕಿ ತುಂಬಿದಳು, ಬೆಲ್ಲ ಇಟ್ಟಳು, ಎಲೆ ಇಟ್ಟಳು.

ಅತ್ತೆ ತಲೆ ತಗ್ಗಿಸಿ ಸೆರಗಿನೊಳಗನ್ನೇ ಬಹಳ ಹೊತ್ತು ನೋಡುತ್ತಿದ್ದಳು.

"ಕೊಬ್ರಿ ಎಲ್ಲೇ?" ಎಂದಳು. "ತವರಿನೋರು ಕೊಬ್ರಿ ಇಲ್ದಂಗೆ ಕಳಿಸ್ತಾರಾ?"